ಅಧಿಕ ಮಾಸದ ಎರಡು ಕಿಲೋ ಜೋಳ

ಮೇ ೧, ೨೦೨೬, ಶುಕ್ರವಾರ

ಆಯಿತು, ನನ್ನ ನಿಶ್ಚಯ ಮುಗಿಯಿತು. ಇಷ್ಟು ವರ್ಷ ತಪ್ಪಿಸಿಕೊಂಡು ಓಡಾಡಿದವಳು ಇವತ್ತು ಜಮಖಾನದ ಮೇಲೆ ತಲೆ ಬಗ್ಗಿಸಿ ಕೂತು ಉಡಿ ತುಂಬಿಸಿಕೊಂಡೆ. ಅವ್ವ ಊಟ ಬಿಟ್ಟು ಕೂತರೆ ನಾನೇನು ಮಾಡಲಿ? ಮೂವತ್ತೆಂಟು ವರ್ಷದ ಮಗಳನ್ನು ಹೆದರಿಸಲು ನಮ್ಮವ್ವ ಮಲ್ಲಕ್ಕನಿಗೆ ಒಂದು ಖಾಲಿ ತಾಟು ಸಾಕು. ಆಕೆಯ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಗಿರಣಿಯ ಸದ್ದಿನಲ್ಲಿ ನನ್ನ ಮಾತು ಬೇರೆ ಯಾರಿಗೂ ಕೇಳುವುದೂ ಇಲ್ಲ. ಅದಕ್ಕೇ ಬೀಜದ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ, ನನಗಾದರೂ ಕೇಳಲಿ.

ವರನ ಹೆಸರು ಸುಭಾಸ. ನವಲಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ತಲೆಯಲ್ಲಿ ಕೂದಲು ಕಡಿಮೆ, ಬಾಯಲ್ಲಿ ಮಾತು ಹೆಚ್ಚು. ನನ್ನ ಷರತ್ತು ಒಂದೇ: ಅಪ್ಪ ಬಿಟ್ಟುಹೋದ ಗಿರಣಿಯನ್ನು ನಾನು ಬಿಡುವುದಿಲ್ಲ, ನಮ್ಮೂರು ಬಮ್ಮಿಗಟ್ಟಿಯನ್ನೂ ಬಿಡುವುದಿಲ್ಲ. ಹಿಂದೆ ಬಂದಿದ್ದ ಒಬ್ಬ ಮಹಾಶಯ ಗಿರಣಿ ತನ್ನ ಹೆಸರಿಗೆ ಆಗುತ್ತದೆಯೇ ಎಂದು ಕೇಳಿದ್ದ. ಅವನಿಗೆ ಚಹಾ ಕೂಡ ಕೊಡದೆ ಬಸ್ಸಿನ ದಾರಿ ತೋರಿಸಿದ್ದೆ. ಈ ಮಾಸ್ತರು ಮಾತ್ರ, 'ನಾನ ಕಲಘಟಗಿ ಕಡೆ ವರ್ಗಾ ಮಾಡಿಸ್ಕೊಂತೀನಿ ಬಿಡ್ರಿ' ಅಂದುಬಿಟ್ಟರು. ಜಗಳಾಡಲು ತಯಾರಾಗಿ ಕೂತಿದ್ದ ನನಗೆ ಸ್ವಲ್ಪ ನಿರಾಶೆಯೇ ಆಯಿತು.

ಆಮೇಲೆ ನಡೆದದ್ದನ್ನು ಬರೆಯಲೇಬೇಕು. ಹನ್ನೆರಡೂವರೆಯ ಹೊತ್ತಿಗೆ, ಇನ್ನೇನು ಉಂಗುರ ಹಾಕಬೇಕು, ಈ ಮನುಷ್ಯ 'ಒಂದ ನಿಮಿಷರೀ' ಅಂದು ಸ್ಟೀಲ್ ಲೋಟ ಹಿಡಿದು ಹೊರಗೆ ಓಡಿದರು. ಪಾಪ, ಹೊಟ್ಟೆ ಕೆಟ್ಟಿದೆ ಎಂದು ಎಲ್ಲರೂ ಸುಮ್ಮನಿದ್ದರು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಹೋಗಿ ನೋಡಿದರೆ ಲೋಟವನ್ನು ಬಿಸಿಲಿನಲ್ಲಿ ಬೋರಲು ಹಾಕಿ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ.

'ನೋಡ್ರಿ ನೋಡ್ರಿ, ನೆರಳ ಇಲ್ಲ!' ಅಂದರು. ನಿಜವಾಗಿಯೂ ಇರಲಿಲ್ಲ. 'ಇವತ್ತ ನಿಮ್ಮೂರಾಗ ಸೂರ್ಯ ಅಗದಿ ನೆತ್ತಿ ಮ್ಯಾಲ. ನಾಳಿಂದ ತಲಿ ದಾಟಿ ಬಡಗಣಕ್ಕ ಹೊಂಟಾನ. ಭೂಮಿ ವಾಲಿಕೊಂಡ ತಿರಗತೈತಲ್ರಿ, ಅದಕ್ಕ.'

ಅವರ ಅಕ್ಕ ಸುಧಾರಾಣಿ ಹಣೆ ಚಚ್ಚಿಕೊಂಡರು. 'ಸುಭಾಸ, ಒಳಗ ಬಾರೋ! ಹುಡುಗಿ ಉಂಗುರಾ ಹಿಡಕೊಂಡ ಕುಂತಾಳ!'

ನಾನು ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕೆಮ್ಮು ಬಂದಿತ್ತು ಅಂತ.

ಮದುವೆ ಇದೇ ಇಪ್ಪತ್ತನಾಲ್ಕಕ್ಕೆ. ಸೋದರಮಾವ ಭರಮಪ್ಪ ಅಲ್ಲಿಯೇ ಕೂತು ಫೋನು ಮಾಡಿ ಎಲ್ಲ ಮುಗಿಸಿದ. 'ರವಿವಾರ! ಕಲ್ಯಾಣ ಮಂಟಪ ಖಾಲಿ, ಬ್ಯಾಂಡಿನವ್ರು ಖಾಲಿ, ಅಡಿಗಿಯವ್ರು ಖಾಲಿ! ಇಂಥಾ ನಸೀಬ ಯಾರಿಗೈತಿ!' ಎಂದು ಕುಣಿದ. ನನ್ನ ಲೆಕ್ಕ ಇಷ್ಟೇ: ಬೆಳಿಗ್ಗೆ ತಲೆ ಮೇಲೆ ಅಕ್ಕಿಕಾಳು, ಮಧ್ಯಾಹ್ನ ಊಟ, ಸಂಜೆ ನಾಲ್ಕಕ್ಕೆ ಗಿರಣಿ ಬಾಗಿಲು ತೆಗೆಯುವುದು. ಹಲ್ಲು ಕೀಳಿಸಿಕೊಂಡ ಹಾಗೆ, ಒಂದು ದಿನದ ಕೆಲಸ.

ಮೇ ೪, ಸೋಮವಾರ

ನಸೀಬವಂತೆ ನಸೀಬ!

ಬಳೆ ಮಾರುವ ಶಮೀಮಾಬಿ ಚಾಚಿ ಗೋಧಿ ಬೀಸಿಸಲು ಬಂದಿದ್ದಳು. ಇಪ್ಪತ್ತನಾಲ್ಕಕ್ಕೆ ಹಸಿರು ಬಳೆ ತಂದಿಡು ಅಂದೆ. ಆಕೆ ಗೋಧಿ ಚೀಲವನ್ನು ಅಲ್ಲೇ ಕೆಳಗಿಟ್ಟಳು.

'ಹುಚ್ಚಿ, ಅದು ನಿಮ್ಮ ಅಧಿಕ ಮಾಸ ಬೇ! ಹದಿನೇಳಕ್ಕ ಹತ್ತಿದ್ದು ಮುಂದಿನ ತಿಂಗಳ ಹದಿನೈದಕ್ಕ ಬಿಡತೈತಿ. ಅದರಾಗ ಯಾರ ಲಗ್ನಾ ಮಾಡ್ತಾರ? ಆ ತಿಂಗಳ ನಾ ಬಳಿ ಪೆಟಗಿ ಬಿಚ್ಚೂದ ಇಲ್ಲ.'

ಮೂರು ಊರಿನ ಹಿಂದೂ ಮದುಮಕ್ಕಳ ಕೈಗೆ ಬಳೆ ಇಟ್ಟವಳು ಆಕೆ. ನಮ್ಮ ಪಂಚಾಂಗ ನಮಗಿಂತ ಆಕೆಗೆ ಚೆನ್ನಾಗಿ ಗೊತ್ತು. ಮಂಟಪ ಯಾಕೆ ಖಾಲಿ ಇತ್ತು, ಬ್ಯಾಂಡಿನವರು ಯಾಕೆ ಅಷ್ಟು ಖುಷಿಯಿಂದ ಒಪ್ಪಿದರು ಎಂದು ಆಗ ಗೊತ್ತಾಯಿತು. ಭರಮಪ್ಪ ಮಾವನಿಗೆ ಫೋನು ಮಾಡಿದೆ. 'ಹೌದಲ್ಲೋ!' ಅಂದು ಇಟ್ಟುಬಿಟ್ಟ.

ಈಗ ಅಧಿಕ ಮಾಸ ಮುಗಿದ ಮೇಲೆ, ಆಷಾಢ ಹತ್ತುವುದರೊಳಗೆ ಮಾಡಬೇಕಂತೆ. ಅವ್ವ ಕೂತಲ್ಲಿಯೇ ಕುಸಿದಳು. 'ಹಿಂದ ಎರಡ ಸಂಬಂಧ ಹಿಂಗ ತಡಾ ಆಗೇ ಮುರದಾವ. ಗಾಲಿ ಪಟ್ಟಾ ಸಡ್ಲ ಬಿಟ್ರ ಕಳಚಿ ಬೀಳತೈತಿ, ಗಿರಣಿ ನಡಸಾಕಿಗೆ ನಾ ಹೇಳಬೇಕೇನ?' ಅಂದಳು. ಇದೂ ಮುರಿದರೆ ಆಕೆ ಮತ್ತೆ ಊಟ ಬಿಡುವುದಿಲ್ಲ, ಆಸೆಯನ್ನೇ ಬಿಡುತ್ತಾಳೆ. ಅದು ನನಗೆ ಗೊತ್ತು.

ಯಾವ ಪುಣ್ಯಾತ್ಮ ಒಳ್ಳೇ ವರ್ಷದ ನಡುವೆ ಒಂದು ತಿಂಗಳು ತುರುಕಿದ? ಸಿಟ್ಟು ತಡೆಯಲಾಗದೆ ಮಾಸ್ತರರಿಗೆ ಫೋನು ಮಾಡಿ ಬೈದೆ. ಸೂರ್ಯ ಚಂದ್ರರ ಜವಾಬ್ದಾರಿ ಅವರದೇ ತಾನೆ. ನಿಶ್ಚಯದ ದಿನವೇ ಹೇಳಬಾರದಿತ್ತೇ? 'ನಾ ಲೋಟಾ ನೋಡಾಕತ್ತಿದ್ನಿರಿ' ಅಂದರು. ಆಮೇಲೆ, 'ಈ ತಿಂಗಳ ಎಲ್ಲಿಂದ ಬಂತಂತ ಫೋನಿನಾಗ ತಿಳ್ಯೂದಿಲ್ಲ. ಬಂದು ಹೇಳ್ತೀನಿ.'

ಮೇ ೭, ಗುರುವಾರ

ಬಂದರು. ಕೈಯಲ್ಲಿ ಎರಡು ಕಿಲೋ ಜೋಳದ ಚೀಲ. ನವಲಗುಂದದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಕಲಘಟಗಿ, ಅಲ್ಲಿಂದ ಬಮ್ಮಿಗಟ್ಟಿ. ಈ ಬಿಸಿಲಿನಲ್ಲಿ!

'ನವಲಗುಂದದಾಗ ಗಿರಣಿ ಇಲ್ಲೇನ್ರಿ?'

'ಅದಾವ್ರಿ. ನಮ್ಮ ಮನಿ ಎದುರಿಗೇ ಒಂದೈತಿ. ಅಲ್ಲಿ ಹಿಟ್ಟ ಸಣ್ಣಗ ಬರೂದಿಲ್ಲ.'

ಇರಬಹುದು. ನಮ್ಮ ಕಲ್ಲು ಒಳ್ಳೆಯದೇ.

ಬೀಸಿಸಲು ಪಾಳಿಯಲ್ಲಿದ್ದವರೆಲ್ಲ ಸುತ್ತ ನೆರೆದರು. ಮಾಸ್ತರರು ಗಿರಣಿಯ ದೊಡ್ಡ ಗಾಲಿ, ಸಣ್ಣ ಗಾಲಿ ತೋರಿಸಿ ಶುರುಮಾಡಿದರು. 'ಭೂಮಿ ಸೂರ್ಯನ ಸುತ್ತ ಒಂದ ಸುತ್ತ ಹಾಕೂದು ವರ್ಷ. ಚಂದ್ರ ಭೂಮಿ ಸುತ್ತ ಹಾಕೂದು ತಿಂಗಳಾ. ಇವೆರಡೂ ಗಾಲಿ ತಾಳ ಕೂಡೂದಿಲ್ಲರೀ. ಚಂದ್ರನ ಹನ್ನೆರಡ ಸುತ್ತ ಮುಗದಾಗ ಭೂಮೀದು ಇನ್ನೂ ಹನ್ನೊಂದ ದಿನದ ದಾರಿ ಉಳದಿರತೈತಿ. ಆ ಉಳದದ್ದು ಜಮಾ ಆಗಿ ಆಗಿ ಮೂರ ವರ್ಷಕ್ಕೊಮ್ಮೆ ಸುಮಾರ ಒಂದ ತಿಂಗಳ ಆಗತೈತಿ. ಅದನ್ನ ನಡುವ ಕೂಡಸಲಿಲ್ಲಂದ್ರ ಯುಗಾದಿ ತಿರಗ್ಯಾಡಕೊಂತ ಮಳಿಗಾಲಕ್ಕ ಹೋಗತೈತಿ.'

'ನಮ್ಮವು ಹಂಗ ತಿರಗ್ಯಾಡತಾವ್ರಿ!' ಎಂದಳು ಶಮೀಮಾಬಿ ಚಾಚಿ. 'ನಮ್ಮಲ್ಲಿ ಕೂಡಸೂದ ಇಲ್ಲ. ರಂಜಾನ ಒಮ್ಮಿ ಬ್ಯಾಸಗ್ಯಾಗ, ಒಮ್ಮಿ ಥಂಡ್ಯಾಗ. ನಮ್ಮ ವರ್ಷದ ಪ್ರಕಾರ ನನಗ ಎಪ್ಪತ್ತ, ನಿಮ್ಮ ವರ್ಷದ ಪ್ರಕಾರ ಅರವತ್ತೆಂಟ. ಸೊಸಿ ಮುಂದ ಎಪ್ಪತ್ತ ಹೇಳ್ತೀನಿ, ಡಾಕ್ಟರ ಮುಂದ ಅರವತ್ತೆಂಟ.'

ಮಾಸ್ತರರು ಎಷ್ಟು ಖುಷಿಪಟ್ಟರೆಂದರೆ ಆಕೆಗೆ ಕೈಮುಗಿದುಬಿಟ್ಟರು. ನನಗೂ ವಿಷಯ ತಿಳಿಯಿತು. ಸಿಟ್ಟು ಮಾತ್ರ ಇಳಿದಿಲ್ಲ. ಚಂದ್ರ ಸ್ವಲ್ಪ ಸಾವಕಾಶ ಓಡಿದ್ದರೆ ಇಪ್ಪತ್ತನಾಲ್ಕಕ್ಕೆ ನನ್ನ ಕೆಲಸ ಮುಗಿದುಹೋಗುತ್ತಿತ್ತು.

ಮೇ ೧೧, ಸೋಮವಾರ

ಅಯ್ಯೋ ಶಿವನೇ, ನಕ್ಕು ನಕ್ಕು ಪಕ್ಕೆ ಹಿಡಿದಿದೆ, ಬರೆಯಲು ಆಗುತ್ತಿಲ್ಲ.

ಮತ್ತೆ ಎರಡು ಕಿಲೋ ಜೋಳ. ಮೊನ್ನೆಯ ಹಿಟ್ಟು ಎಲ್ಲಿ ಹೋಯಿತು ಅಂದರೆ, 'ಅಕ್ಕ ರೊಟ್ಟಿ ಬಡದು ಬಡದು ಬ್ಯಾಸತ್ತಾಳ್ರಿ' ಅಂದರು. ದಿನಕ್ಕೂ ವರ್ಷಕ್ಕೂ ಏನು ಫರಕು ಎಂದು ನಾನೇ ಕೇಳಿದೆ, ತಪ್ಪು ನನ್ನದೇ. ನನ್ನನ್ನು ಗಿರಣಿಯ ನಡುವೆ ಸ್ಟೂಲಿನ ಮೇಲೆ ಕೂಡಿಸಿದರು. 'ನೀವು ಸೂರ್ಯ. ಅಳ್ಳಾಡಬ್ಯಾಡ್ರಿ. ನಾ ಭೂಮಿ.' ಎಂದು ಎರಡೂ ಕೈ ಚಾಚಿ ಗರಗರ ತಿರುಗುತ್ತಾ ನನ್ನ ಸುತ್ತ ಹೊರಟರು. 'ಹಿಂಗ ನನ್ನ ಸುತ್ತ ನಾ ತಿರಗೂದು ದಿನಾ! ನಿಮ್ಮ ಸುತ್ತ ಬರೂದು ವರ್ಷಾ! ನಿಮ್ಮ ಕಡೆ ಮಾರಿ ಬಂದಾಗ ಹಗಲ, ಬೆನ್ನ ಬಂದಾಗ ರಾತ್ರಿ!'

ಅರ್ಧ ವರ್ಷ ಸರಿಯಾಗಿಯೇ ಹೋಯಿತು. ಆಮೇಲೆ ಭೂಮಿಗೆ ತಲೆ ಸುತ್ತು ಬಂತು. ಭೂಮಿ ಓಲಾಡಿತು, ತಕ್ಕಡಿಗೆ ಬಡಿಯಿತು, ಸೀದಾ ಹೋಗಿ ಖಾರದ ಪುಡಿಯ ಬುಟ್ಟಿಯಲ್ಲಿ ಕೂತಿತು. ಬ್ಯಾಡಗಿ ಖಾರ! ಗಿರಣಿಯಲ್ಲಿದ್ದವರೆಲ್ಲ ಸೀನಿದರು. ಎದುರಿನ ಕಿರಾಣಿ ಅಂಗಡಿಯವರು ಸೀನಿದರು. ಅಂಗಡಿಯ ಮುಂದೆ ಕಟ್ಟಿದ್ದ ಎತ್ತು ಕೂಡ ಸೀನಿತು. ಮಾಸ್ತರರ ಬಿಳಿ ಪ್ಯಾಂಟು ಹಿಂದಿನಿಂದ ಸೂರ್ಯಾಸ್ತದ ಬಣ್ಣಕ್ಕೆ ಬಂದಿತ್ತು. ಅಷ್ಟರ ನಡುವೆಯೂ, 'ವರ್ಷಾ... ಆಕ್ಷೀ... ಮುಗದಿಲ್ಲರೀ ಇನ್ನ!' ಅನ್ನುತ್ತಿದ್ದರು.

ಅಪ್ಪನ ಹಳೆಯ ಧೋತರ ಉಡಿಸಿ ಕಳಿಸಿದ್ದೇವೆ.

ಮೇ ೧೪, ಗುರುವಾರ

ಗಿರಣಿಯಲ್ಲಿ ಒಂದು ಕನ್ನಡಿ ತೂಗುಹಾಕಿದೆ. ಕಣ್ಣಿಗೆ ಖಾರ ಬಿದ್ದರೆ ನೋಡಿಕೊಳ್ಳಲು.

ಇವತ್ತು ಬೇರೆ ಗ್ರಹಗಳ ಸುದ್ದಿ. ಎಲ್ಲರ ದಿನವೂ ಒಂದೇ ಅಲ್ಲವಂತೆ, ಎಲ್ಲರ ವರ್ಷವೂ ಒಂದೇ ಅಲ್ಲವಂತೆ. ಸೂರ್ಯನಿಗೆ ಹತ್ತಿರವಿದ್ದವರದು ಸಣ್ಣ ಸುತ್ತು, ಓಟವೂ ಜೋರು, ಬೇಗ ವರ್ಷ. ದೂರವಿದ್ದವರದು ದೊಡ್ಡ ಸುತ್ತು, ನಡಿಗೆ ಸಾವಕಾಶ. ದಿನ ಮಾತ್ರ ಅವರವರ ತಿರುಗಾಟಕ್ಕೆ ಬಿಟ್ಟದ್ದು. ಬುಧನ ಮೇಲೆ ಒಂದು ಹಗಲು ಮುಗಿಯುವಷ್ಟರಲ್ಲಿ ಒಂದು ವರ್ಷ ಹೋಗಿರುತ್ತದೆ. ಶುಕ್ರನದಂತೂ ಏನು ಹೇಳುವುದು! ತನ್ನ ಸುತ್ತ ತಾನು ಒಂದು ಸಲ ತಿರುಗುವುದರೊಳಗೆ ಸೂರ್ಯನ ಸುತ್ತ ಒಂದು ಸುತ್ತು ಮುಗಿಸಿರುತ್ತಾನೆ, ಅದೂ ಉಲ್ಟಾ ತಿರುಗುತ್ತಾ. ಅಲ್ಲಿ ಹೊತ್ತು ಹುಟ್ಟಿ ಮುಳುಗುವಷ್ಟರಲ್ಲಿ ನಮ್ಮಲ್ಲಿ ಸುಮಾರು ಎರಡು ತಿಂಗಳು ಕಳೆಯುತ್ತವೆ.

'ಅಲ್ಲಿ ಅಧಿಕ ಮಾಸ ಐತೇನ್ರಿ?' ಎಂದು ಕೇಳಿದೆ.

'ಶುಕ್ರಗ ಚಂದ್ರನ ಇಲ್ಲರೀ. ತಿಂಗಳಾನೂ ಇಲ್ಲ, ಅಧಿಕಾನೂ ಇಲ್ಲ.'

'ಮತ್ತ ಗುರುವಿಗೆ?'

'ತೊಂಬತ್ತರ ಮ್ಯಾಲ ಅದಾವ.'

ತೊಂಬತ್ತು ಚಂದ್ರರ ಪಂಚಾಂಗ ಇಟ್ಟುಕೊಂಡು ಭರಮಪ್ಪ ಮಾವ ಮುಹೂರ್ತ ನೋಡುವುದನ್ನು ನೆನೆದು ನನಗೆ ಬಿಕ್ಕಳಿಕೆ ಬರುವಷ್ಟು ನಗು. ಅಲ್ಲಿ ಯಾರ ಮದುವೆಯೂ ಆಗುವುದಿಲ್ಲ ಬಿಡಿ.

ಇನ್ನೊಂದು. ಗುರುವಿನ ಒಂದು ವರ್ಷ ನಮ್ಮ ಹನ್ನೆರಡು ವರ್ಷದ ಹತ್ತಿರ. ಹಾಗಾಗಿ ಅಲ್ಲಿಯ ಲೆಕ್ಕದಲ್ಲಿ ನನಗೆ ಈಗ ಮೂರು ವರ್ಷ. ಹುಡುಗಿಗೆ ವಯಸ್ಸಾಯಿತು ಎಂದು ಊರೆಲ್ಲ ಮಾತಾಡಿಕೊಂಡದ್ದೇ ಬಂತು, ನಾನಿನ್ನೂ ಅಂಗನವಾಡಿ! ಅವ್ವನಿಗೆ ಹೇಳಿದೆ. 'ಹಂಗಾರ ಮೂಗ ಒರಿಸ್ಕೊ' ಅಂದಳು.

ಮೇ ೧೭, ರವಿವಾರ

ಅಧಿಕ ಮಾಸ ಹತ್ತಿತು. ಇನ್ನು ಒಂದು ತಿಂಗಳು ಕಾಯುವುದು. ಎರಡು ಕಿಲೋ ಜೋಳ ಬಂತು. ಇವತ್ತು ನಾನು ಬಹಳ ಸಾವಕಾಶ ಬೀಸಿದೆ. ಕಲ್ಲು ಬಿಸಿಯಾದರೆ ಹಿಟ್ಟಿನ ರುಚಿ ಕೆಡುತ್ತದೆ.

ಮಾಸ್ತರರು ಹೋಗುವಾಗ ತಿರುಗಿ ನಿಂತು, 'ಚಂದ್ರ ಭೂಮಿನ್ನ ಸಾವಕಾಶ ಜಗ್ಗತಾನಂತರೀ. ಅದಕ್ಕ ಭೂಮಿ ತಿರಗೂದು ಭಾಳ ಅಂದ್ರ ಭಾಳ ಸ್ವಲ್ಪ ನಿಧಾನ ಆಕ್ಕೊಂತ ನಡದೈತಿ. ದಿನಾ ದೊಡ್ಡೂ ಆಗಾಕತ್ತಾವ' ಅಂದರು. ಇದನ್ನು ಹೇಳಲು ಬಸ್ಸು ತಪ್ಪಿಸಿಕೊಂಡರು. ಮುಂದಿನ ಬಸ್ಸು ಬರುವವರೆಗೆ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿಂದೆವು. ಅವ್ವ ಒಳಗಿನಿಂದ ಮೂರು ಸಲ ಕೆಮ್ಮಿದಳು. ಆಕೆಗೆ ಖಾರದ ಗಾಳಿ ಆಗಿಬರುವುದಿಲ್ಲ.

ಮೇ ೧೯, ಮಂಗಳವಾರ

ಏನಾಯಿತೆಂದು ನನಗೇ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಸುಧಾರಾಣಿಯವರು ತಮ್ಮನನ್ನು ಕರೆದುಕೊಂಡು ನಗುನಗುತ್ತಾ ಬಂದರು. ಭರಮಪ್ಪ ಮಾವನೂ ಬಂದ. 'ಸಿಹಿ ಸುದ್ದಿರೀ ಮಲ್ಲಕ್ಕನವರ' ಅಂದರು ಸುಧಾರಾಣಿ. 'ಸುಭಾಸ ತಾನಾಗೇ ನಮ್ಮ ಮಠದ ಅಯ್ನಾರ ಕಡೆ ಹೋಗಿ ಕೇಳ್ಯಾನ. ಶಿವಭಕ್ತರಿಗೆ ಕೆಟ್ಟ ತಿಂಗಳ ಅನ್ನೂದ ಇಲ್ಲ, ಧಾರಾಳ ಮಾಡ್ರಿ ಅಂದಾರ. ಮಂಟಪ ಇನ್ನೂ ಖಾಲಿ ಐತಿ. ಇಪ್ಪತ್ನಾಲ್ಕಕ್ಕ ಮುಗಿಸೇಬಿಡೂಣು!'

ಅವ್ವ ಆಕಾಶಕ್ಕೆ ಕೈಮುಗಿದಳು. ಮಾಸ್ತರರು ನನ್ನ ಮುಖವನ್ನೇ ನೋಡುತ್ತಿದ್ದರು. ತಡವಾಯಿತೆಂದು ನಾನು ಹಾರಾಡಿದ್ದಕ್ಕೆ ನನ್ನನ್ನು ಖುಷಿಪಡಿಸಲು ಇಷ್ಟೆಲ್ಲ ಓಡಾಡಿದ್ದರು.

ನನ್ನ ಬಾಯಿಂದ ಬಂತು: 'ಬ್ಯಾಡ್ರಿ.'

'ಖಾರದ ಸೀಜನ್ ಐತಿ' ಅಂದೆ. 'ಬೀಸೂ ಕಲ್ಲ ಸವದೈತಿ, ಉಳಿ ಹಚ್ಚಿಸಬೇಕು.' ಇನ್ನೂ ಏನೇನೋ ಅಂದೆ. ನನಗೇ ನಂಬಿಕೆಯಾಗದ ಮಾತುಗಳು. ಸುಧಾರಾಣಿಯವರ ಮುಖ ಸಣ್ಣದಾಯಿತು. 'ಮನಸ ಇಲ್ಲದಿದ್ರ ಮೊದಲ ಹೇಳಬೇಕಿತ್ತವಾ' ಅಂದರು. ಮಾಸ್ತರರು, 'ಇರ್ಲಿ ಬಿಡ ಅಕ್ಕ' ಎಂದು ಎದ್ದರು. ಮೂಲೆಯಲ್ಲಿಟ್ಟಿದ್ದ ಜೋಳದ ಚೀಲವನ್ನು ಬೀಸದೆ ಹಾಗೆಯೇ ಎತ್ತಿಕೊಂಡು ಹೋದರು.

ನಾನು ಹೇಳಿದ್ದು ಸರಿಯೇ. ಸೀಜನ್ ಇದೆಯಲ್ಲ.

ಮೇ ೨೪, ರವಿವಾರ

ಆಗಬೇಕಿದ್ದ ದಿನ. ಬೆಳಿಗ್ಗೆಯೇ ಗಿರಣಿ ತೆಗೆದೆ. ಅವ್ವ ಮಾತಾಡುತ್ತಿಲ್ಲ. ಊಟ ಮಾತ್ರ ಮಾಡುತ್ತಿದ್ದಾಳೆ, ಅದೇ ಹೆಚ್ಚು ಹೆದರಿಕೆ.

ಜೂನ್ ೨, ಮಂಗಳವಾರ

ಶಾಲೆ ಶುರುವಾಗಿದೆ. ಅವರಿಗೆ ಪುರುಸೊತ್ತು ಎಲ್ಲಿ ಇರುತ್ತದೆ? ನಾನೂ ಫೋನು ಮಾಡಲಿಲ್ಲ. ನಾನ್ಯಾಕೆ ಮಾಡಲಿ? ಬಸ್ಸು ಬಂದಾಗಲೆಲ್ಲ ಹೊರಗೆ ನೋಡುವುದು ಧೂಳು ಒಳಗೆ ಬರುತ್ತದೆ ಅಂತ.

ದಿನ ದೊಡ್ಡದಾಗುತ್ತಿದೆ. ಭಾಳ ಅಂದ್ರ ಭಾಳ ಸ್ವಲ್ಪ ಅಂದಿದ್ದರು. ಸುಳ್ಳು.

ಜೂನ್ ೮, ಸೋಮವಾರ

ಮಳೆ ಬಂತು. ಅವ್ವ ಅಕ್ಕಿ-ಬೆಲ್ಲದ ಅನಾರಸ ಕರಿಯಲು ಕೂತಳು. ಮೂವತ್ತಮೂರು. ಅಧಿಕ ಮಾಸದಲ್ಲಿ ಅತ್ತೆಯಾದವಳು ಅಳಿಯನಿಗೆ ಕೊಡಬೇಕಾದದ್ದು. 'ಯಾವ ಅಳಿಯಾಗ?' ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಕರಿದು, ಡಬ್ಬಿಗೆ ತುಂಬಿ, ಗೋಡೆಯ ಮಾಡಿನ ಮೇಲಿಟ್ಟು ಮಲಗಿದಳು. ನಾನು ಕೆಳಗೆ ಕೂತು ಅತ್ತೆ. ಯಾಕೆಂದು ಬರೆಯುವುದಿಲ್ಲ.

ಜೂನ್ ೧೪, ರವಿವಾರ

ಊರಿನಲ್ಲಿ ಇನ್ನು ತಲೆ ಎತ್ತಿ ಓಡಾಡುವ ಹಾಗಿಲ್ಲ. ಆದರೂ ನಗು ಬರುತ್ತಿದೆ, ಏನು ಮಾಡಲಿ!

ರವಿವಾರದ ಪಾಳಿ, ಗಿರಣಿ ತುಂಬ ಜನ. ಎರಡೂ ಯಂತ್ರ ಒಟ್ಟಿಗೆ ಓಡುತ್ತಿದ್ದವು. ಶಮೀಮಾಬಿ ಚಾಚಿ ನನ್ನ ಕಿವಿಗೇ ಬಾಯಿ ಹಚ್ಚಿ ಕೂಗಿದಳು. 'ಖರೇ ಹೇಳ. ಯಾಕ ಬ್ಯಾಡಂದಿ? ಅಂವ ಪಸಂದ ಇಲ್ಲೇನ?'

'ಸೀಜನ್ ಚಾಚಿ!' ಎಂದು ಕೂಗಿದೆ.

'ಸೀಜನ್ನಿಗೆ ಬೆಂಕಿ ಹಚ್ಚ! ಖರೇ ಹೇಳ!'

ಆ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ ಎಂದು ಇಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಪೂರಾ ಕೂಗಿಬಿಟ್ಟೆ. 'ಅವರು ನನಗ ಬೇಕ! ಆದ್ರ ಲಗ್ನ ಆದ ಮ್ಯಾಲ ಬಸ್ಸ ಹತ್ತಿ ಎರಡ ಕಿಲೋ ಜೋಳಾ ಯಾರ ತರ್ತಾರ...' ಇಲ್ಲಿಗೆ ಸರಿಯಾಗಿ ಕರೆಂಟು ಹೋಯಿತು. ಎರಡೂ ಯಂತ್ರ ನಿಂತವು. ನನ್ನ ದನಿ ಮಾತ್ರ ನಿಲ್ಲಲಿಲ್ಲ. '...ಅವರು ಬರೂದು ನಿಂತ ಹೋಗತೈತಂತ ಬ್ಯಾಡಂದ್ನೀ!'

ತಕ್ಕಡಿಯ ಸರಪಳಿ ಅಲ್ಲಾಡುವುದು ಕೇಳಿಸಿತು. ಆಮೇಲೆ ಗಿರಣಿಯೇ ಎದ್ದು ಬಿದ್ದು ನಕ್ಕಿತು. ಪಾಳಿಯಲ್ಲಿ ಮುಂದಿದ್ದ ಮಲಕಪ್ಪ ಅಜ್ಜ, 'ಆ ಮಾಸ್ತರಗ ಹೇಳಿ ಕಳಸ್ರೋ, ನಮ್ಮ ಜೋಳದ ಪಾಳಿ ಬಿಟ್ಟ ಕೊಡತೀವಿ!' ಅಂದ. ಒಳಗಿನ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕಣ್ಣು ಒರೆಸಿಕೊಂಡು, 'ಹುಚ್ಚಿ' ಅಂದಳು. ಇಪ್ಪತ್ತಾರು ದಿನದ ಮೇಲೆ ಆಕೆ ನನ್ನ ಹತ್ತಿರ ಆಡಿದ ಮೊದಲ ಮಾತು. 'ಡಬ್ಬಿ ಮಾಡಿನ ಮ್ಯಾಲ ಐತಿ. ನಾಳಿಗೆ ಅಧಿಕ ಮಾಸ ಮುಗೀತೈತಿ.'

ಹೌದು, ಬರೆದೇಬಿಡುತ್ತೇನೆ. ಮೂವತ್ತೆಂಟು ವರ್ಷದಲ್ಲಿ ನನ್ನನ್ನು ನೋಡಲು ನೆವ ಹುಡುಕಿಕೊಂಡು ಯಾರೂ ಬಂದಿರಲಿಲ್ಲ. ನಾನು ಆ ನೆವವನ್ನೇ ಇನ್ನೊಂದು ತಿಂಗಳು ಇಟ್ಟುಕೊಳ್ಳಬೇಕೆಂದಿದ್ದೆ.

ಜೂನ್ ೧೫, ಸೋಮವಾರ

ಮೊದಲ ಬಸ್ಸಿಗೇ ಹೊರಟೆ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹುಬ್ಬಳ್ಳಿಯವರೆಗೆ ಏನು ಹೇಳಬೇಕೆಂದು ಯೋಚಿಸಿದೆ. ಹುಬ್ಬಳ್ಳಿಯಿಂದ ನವಲಗುಂದದವರೆಗೆ ಅದನ್ನೇ ಮರೆತೆ.

ಹೈಸ್ಕೂಲಿನ ಬಯಲಿನಲ್ಲಿ ಮಕ್ಕಳು ದುಂಡಗೆ ನಿಂತಿದ್ದರು. ನಡುವೆ ಮಾಸ್ತರರು, ಸೂರ್ಯನಾಗಿ. ಬುಧ ಸಣ್ಣ ಸುತ್ತಿನಲ್ಲಿ ಓಡುತ್ತಿದ್ದ. ಶುಕ್ರನಾಗಿದ್ದ ಹುಡುಗಿ ಆಕಳಿಸುತ್ತಾ ಉಲ್ಟಾ ತಿರುಗುತ್ತಿದ್ದಳು. ದಪ್ಪ ಹುಡುಗನೊಬ್ಬ ಗುರು, ದೂರದಲ್ಲಿ ಬುಗುರಿಯ ಹಾಗೆ ಗರಗರ. ಗೇಟಿನಲ್ಲಿ ನನ್ನನ್ನು ಕಂಡದ್ದೇ ತಡ, ಸೂರ್ಯ ಜಾಗ ಬಿಟ್ಟು ನಡೆದುಬಿಟ್ಟ.

'ಸರ್, ಸೂರ್ಯ ಎಲ್ಲಿ ಹೊಂಟ್ರಿ?' ಎಂದು ಮಕ್ಕಳು ಕಿರುಚಿದರು. ಸುತ್ತು ಹಾಕಲು ನಡುವೆ ಯಾರೂ ಇಲ್ಲ. ಶುಕ್ರ ಹೋಗಿ ಭೂಮಿಗೆ ಡಿಕ್ಕಿ ಹೊಡೆದಳು, ಭೂಮಿ ಚಂದ್ರನ ಮೇಲೆ ಬಿತ್ತು. ಗುರು ಮಾತ್ರ ನಿಲ್ಲಲಾಗದೆ ತಿರುಗುತ್ತಲೇ ಬೇಲಿಯವರೆಗೆ ಹೋದ.

ಮಾಸ್ತರರು ನನ್ನ ಮುಂದೆ ಬಂದು ನಿಂತರು. ನಾನು ಡಬ್ಬಿ ಚಾಚಿದೆ.

'ಏನ್ರಿ ಇದು?'

'ಅನಾರಸ. ಮೂವತ್ಮೂರ. ಬಸ್ಸಿನಾಗ ಒಂದ ಮುರದೈತಿ.'

'ಇದು ಅಧಿಕ ಮಾಸದಾಗ... ಅಳಿಯಾಗ ಕೊಡೂದಲ್ರಿ?'

'ಹೌದ್ರಿ. ಇವತ್ತ ಕಡೀ ದಿನ. ತಗೋತೀರೋ, ತಿರಗಿ ಒಯ್ಯಲೋ?'

ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದರು. ಆದರೂ ಕೇಳಿದರು: 'ನೀವು ಬ್ಯಾಡಂದಿದ್ರಿ.'

'ನೀವು ಬ್ಯಾಡ ಅಂತ ನಾ ಅನ್ನಲಿಲ್ಲರೀ. ನೀವು ಜೋಳಾ ತರೂದು ಇನ್ನೊಂದೀಟ ದಿನ ಬೇಕಾಗಿತ್ತು. ಅಷ್ಟ. ಹೇಳಾಕ ಬರಲಿಲ್ಲ ನನಗ.'

ಅವರ ಕಣ್ಣು ತುಂಬಿದವು. 'ನಾ ಪ್ರತಿ ರವಿವಾರ ಚೀಲಾ ಕಟ್ಟತಿದ್ನಿರಿ' ಅಂದರು. 'ಬಸ್‌ಸ್ಟ್ಯಾಂಡಿನತನಕಾ ಹೋಗಿ ತಿರಗಿ ಬರತಿದ್ನಿ. ಮನ್ಯಾಗ ನಾಕ ಚೀಲ ಹಂಗ ಅದಾವ.' ಎಂದು ಆ ಮುರಿದ ಅನಾರಸವನ್ನೇ ಬಾಯಿಗೆ ಹಾಕಿಕೊಂಡರು. ಹಿಂದೆ ಇಡೀ ಸೌರಮಂಡಲ ಚಪ್ಪಾಳೆ ತಟ್ಟಿತು.

ಜೂನ್ ೧೬, ಮಂಗಳವಾರ

ಭರಮಪ್ಪ ಮಾವ ಬೆಳಿಗ್ಗೆಯಿಂದ ಫೋನು ಹಿಡಿದು ಒದ್ದಾಡುತ್ತಿದ್ದಾನೆ. ಅಧಿಕ ಮಾಸದಲ್ಲಿ ನಿಂತ ಮದುವೆಗಳೆಲ್ಲ ಈಗ ಒಟ್ಟಿಗೆ ಬಂದಿವೆ. ಮಂಟಪ ತುಂಬಿದೆ, ಬ್ಯಾಂಡು ತುಂಬಿದೆ, ಅಡಿಗೆಯವರು ಫೋನೇ ಎತ್ತುತ್ತಿಲ್ಲ. ಮಾವ ಮೂರು ತಾರೀಖು ಹೇಳಿದ. ನಾನು ಇಪ್ಪತ್ತೊಂದು ಅಂದೆ. ರವಿವಾರ, ಶಾಲೆಗೆ ರಜೆ. ಅದು ವರ್ಷದ ಅತಿ ದೊಡ್ಡ ಹಗಲು ಎಂದು ಮಾಸ್ತರರು ಎಂದೋ ಹೇಳಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

'ಲಗ್ನಾ ಎಲ್ಲಿ ಮಾಡೂದಲೇ?' ಎಂದು ಮಾವ ತಲೆ ಮೇಲೆ ಕೈಹೊತ್ತ.

'ಗಿರಣ್ಯಾಗ' ಅಂದೆ.

ಜೂನ್ ೨೧, ರವಿವಾರ

ಗಿರಣಿಯ ಅಂಗಳದಲ್ಲಿ ಹಂದರ ಹಾಕಿದರು. ಮೂರು ದಿನ ತೊಳೆದರೂ ಮೂಲೆಯ ಖಾರ ಹೋಗಿರಲಿಲ್ಲ. ಅಕ್ಕಿಕಾಳಿನ ಹೊತ್ತಿಗೆ ಗಾಳಿ ಬೀಸಿ ಅಯ್ನಾರು ಮಂತ್ರದ ನಡುವೆ ಸೀನಿದರು, ಬೀಗರೆಲ್ಲ ಸೀನಿದರು, ಸುಧಾರಾಣಿಯವರು ಸೀನುತ್ತಾ ನಗುತ್ತಾ ನನ್ನನ್ನು ಅಪ್ಪಿಕೊಂಡರು. ಮದುಮಗ ಬಾಸಿಂಗ ಕಟ್ಟಿಕೊಂಡು, ಬಗಲಲ್ಲಿ ಎರಡು ಕಿಲೋ ಜೋಳದ ಚೀಲ ಇಟ್ಟುಕೊಂಡೇ ಬಂದಿದ್ದರು. ಯಾರು ಕೇಳಿದರೂ ಕೊಡಲಿಲ್ಲ. ನನ್ನ ಕೈಗೇ ಕೊಟ್ಟರು.

ಬೆಳಿಗ್ಗೆಯಿಂದ ಮೋಡ. ಹನ್ನೆರಡೂವರೆಯ ಹೊತ್ತಿಗೆ, ಇನ್ನೇನು ಊಟಕ್ಕೆ ಕೂಡಬೇಕು, ಹಂದರದ ಸಂದಿಯಲ್ಲಿ ಬಿಸಿಲು ಬಿತ್ತು. ನಾನು ಎದ್ದೆ. 'ಒಂದ ನಿಮಿಷರೀ' ಎಂದು ಸ್ಟೀಲ್ ಲೋಟ ಹಿಡಿದು ಬಾಸಿಂಗ ಸಮೇತ ಹೊರಗೆ ಓಡಿದೆ. 'ಅಯ್ಯ, ಹುಡುಗಿಗೆ ಹೊಟ್ಟಿ ಕೆಟ್ಟತೇನ!' ಎಂದು ಶಮೀಮಾಬಿ ಚಾಚಿ ಬಳೆ ಪೆಟ್ಟಿಗೆ ಬಿಟ್ಟು ಹಿಂದೆ ಬಂದಳು. ಅವರಿಗೆ ಮಾತ್ರ ಗೊತ್ತಾಯಿತು. ಧೋತರ ಎತ್ತಿಕೊಂಡು ಓಡಿಬಂದು ನನ್ನ ಬಾಜೂಕೆ ಕುಕ್ಕರಗಾಲಿನಲ್ಲಿ ಕೂತರು. ಬೋರಲು ಹಾಕಿದ ಲೋಟದ ದಕ್ಷಿಣಕ್ಕೆ ಒಂದು ಬೆರಳಗಲದ ನೆರಳು.

'ಸೂರ್ಯ ಬಡಗಣಕ್ಕ ಎಷ್ಟ ದೂರ ಹೋಗಬೇಕೋ ಅಷ್ಟ ಹೋಗ್ಯಾನ' ಅಂದರು. 'ಇನ್ನ ತಿರಗಿ ಬರ್ತಾನ.'

'ಬರ್ತಾನಲ್ರಿ?'

'ಬರ್ತಾನ್ರಿ. ಪ್ರತಿ ವರ್ಷ.'

ಅವ್ವ ಬಾಗಿಲಲ್ಲಿ ನಿಂತು ಇಬ್ಬರನ್ನೂ ಬೈಯುತ್ತಿದ್ದಳು. ಬೈಯುತ್ತಲೇ ಹೋಳಿಗೆ ತಿನ್ನುತ್ತಿದ್ದಳು.

ನಾಲ್ಕು ಗಂಟೆಗೆ ಮಲಕಪ್ಪ ಅಜ್ಜ ಜೋಳ ಹೊತ್ತು ಬಂದ. ಮದುವೆ ದಿನವೂ ನಾಲ್ಕಕ್ಕೆ ತೆಗೆಯುತ್ತೇನೆ ಎಂದು ನಾನೇ ಊರಿಗೆಲ್ಲ ಸಾರಿದ್ದೆನಂತೆ. ನಾಳೆ ಬರ್ರಿ ಅಂದೆ.

ಗಿರಣಿ ಇವತ್ತು ತೆಗೆಯಲಿಲ್ಲ. ಹಗಲು ಸಾಲಲಿಲ್ಲ.